ನೀರಿದ್ದೂ ಬಾಡುವ ಗಿಡ

ಮಕ್ಕಳೇ, ಹೊಸೂರು, ರಾಯಕೋಟೆ ಕಡೆ ಟೊಮೇಟೊ ತೋಟ ನೋಡಿರ್ತೀರಿ. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ತಲೆ ಬಾಗಿಸಿ ನಿಂತಿರುತ್ತೆ. ಎಲೆ ಇನ್ನೂ ಹಸಿರು, ಬುಡದಲ್ಲಿ ನೀರೂ ಇದೆ. ಆದರೂ ಬಾಡಿದೆ! ಯಾಕೆ?

ಉತ್ತರ ಹುಡುಕಲು ಇಂಡೋನೇಷ್ಯಾಕ್ಕೆ ಹೋಗೋಣ. ಸುಲವೇಸಿ ದ್ವೀಪದ ಪಕ್ಕದ ಸೆಲಾಯರ್‌ನಲ್ಲಿ 20ನೇ ಶತಮಾನದ ಆರಂಭದಲ್ಲಿ ಬಾಳೆ ತೋಟಗಳು ಹಾಳಾದವು. ಹೊರಗೆ ಚೆನ್ನಾಗಿ ಕಾಣುವ ಕಾಯಿಯನ್ನು ಕೊಯ್ದರೆ ಒಳಗೆ ಕೆಂಗಂದು ಕೊಳೆ. ಅದಕ್ಕೇ ‘ರಕ್ತ ರೋಗ’ ಎಂಬ ಹೆಸರು. ಇದಕ್ಕೆ ಕಾರಣ ರಾಲ್ಸ್ಟೋನಿಯಾ ಗುಂಪಿನ ಬ್ಯಾಕ್ಟೀರಿಯಾ. ದಕ್ಷಿಣ ಸುಲವೇಸಿಯಿಂದ ಬಾಳೆಹಣ್ಣು ಹೊರಗೆ ಸಾಗಿಸುವುದನ್ನು ನಿಷೇಧಿಸಿದರು. ಆದರೂ 1987ರಲ್ಲಿ ರೋಗ ಜಾವಾ ದ್ವೀಪದಲ್ಲಿ ಕಾಣಿಸಿಕೊಂಡಿತು.

ಬ್ಯಾಕ್ಟೀರಿಯಾ ತಾನಾಗಿ ಸಮುದ್ರ ದಾಟಲಾರದು. ರೋಗ ಹಿಡಿದ ಕಂದು, ಗೊನೆಗಳನ್ನು ಮನುಷ್ಯರು ಸಾಗಿಸಿದರೆ ಅದೂ ಜೊತೆಗೆ ಹೋಗುತ್ತೆ. ತೋಟದೊಳಗೆ ಬಾಳೆಮೂತಿಗೆ ಬರುವ ಕೀಟಗಳು, ಗಿಡದಿಂದ ಗಿಡಕ್ಕೆ ಹೋಗುವ ಮಚ್ಚು ಅದನ್ನು ಹರಡುತ್ತವೆ. ಹಾಗಾಗಿ ಕೊನೆಯ ಚಿಪ್ಪು ಮೂಡಿದ ಮೇಲೆ ಮೂತಿ ಮುರಿದು ಹಾಕುವುದು ಒಳ್ಳೆಯ ಉಪಾಯ.

ನಮ್ಮ ಟೊಮೇಟೊ ಬಾಡಿಸುವ ದುಂಡಾಣು ಸೊರಗು ರೋಗವೂ ಇದೇ ರಾಲ್ಸ್ಟೋನಿಯಾ ಗುಂಪಿನದು. ಮಣ್ಣಿನಿಂದ ಬೇರಿನ ಗಾಯದ ಮೂಲಕ ಒಳಹೊಕ್ಕು, ನೀರು ಸಾಗಿಸುವ ಕ್ಸೈಲಮ್‌ನಲ್ಲಿ ಬೆಳೆದು ಅಂಟು ಲೋಳೆ ತುಂಬುತ್ತೆ. ಡ್ರಿಪ್ ಪೈಪಿನಲ್ಲಿ ಪಾಚಿ ಕಟ್ಟಿಕೊಂಡ ಹಾಗೆ! ಬುಡದಲ್ಲಿ ನೀರಿದ್ದರೂ ಎಲೆಗೆ ಬಾಯಾರಿಕೆ.

ನೀವೇ ಪರೀಕ್ಷಿಸಿ. ದೊಡ್ಡವರ ಸಹಾಯದಿಂದ, ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆಗಳು ಇಳಿದರೆ ಅದು ಬ್ಯಾಕ್ಟೀರಿಯಾ. ಎಳೆ ಬಾರದಿದ್ದರೆ ಶಿಲೀಂಧ್ರವೂ ಕಾರಣ ಇರಬಹುದು. ನಂಜನಗೂಡು ರಸಬಾಳೆಯನ್ನು ಕಾಡಿದ ಪನಾಮಾ ರೋಗ ಶಿಲೀಂಧ್ರದ್ದೇ. ಪರೀಕ್ಷೆ ಮುಗಿದ ಮೇಲೆ ಆ ನೀರನ್ನು ಕುದಿಸಿ ಚೆಲ್ಲಿ, ಕತ್ತಿ, ಕೈ ಸೋಪಿನಿಂದ ತೊಳೆಯಿರಿ.

ರೋಗ ಹತ್ತಿದ ಗಿಡಕ್ಕೆ ಔಷಧಿ ಹೊಡೆದು ಉಳಿಸೋದು ಕಷ್ಟ. ಬೇರುಸಹಿತ ಕಿತ್ತು ಸುಡಬೇಕು. ಆ ಹೊಲದ ನೀರು ಪಕ್ಕದ ಹೊಲಕ್ಕೆ ಹರಿಯಬಾರದು. ಮುಂದಿನ ಬೆಳೆಗೆ ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಬೇಡ. ಅವಕ್ಕೂ ಇದೇ ರೋಗ ಬರುತ್ತೆ. ರಾಗಿ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಆಸರೆ ತಪ್ಪಿ ಮಣ್ಣಿನಲ್ಲಿ ಅದರ ಸಂಖ್ಯೆ ಇಳಿಯುತ್ತೆ. ಅಜ್ಜಂದಿರು ಬೆಳೆ ಬದಲಿಸುತ್ತಿದ್ದುದರ ಹಿಂದೆ ಇಂಥ ವಿಜ್ಞಾನವಿದೆ. ಮನೆಯಲ್ಲಿ ಹೇಳಿ ನೋಡಿ.