ಬೀಟಾ ಕೋಶಕ್ಕೆ ಬ್ರೇಕ್ ಹಾಕೋರು ಯಾರು?

ಏಕಾದಶಿ ದಿನ ಅಪ್ಪ ಶುಗರ್ ಮಾತ್ರೆ ನುಂಗಿ ಉಪವಾಸ ಕೂತ್ರು. ಹತ್ತು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ. ಸಕ್ಕರೆ ನೀರು ಕುಡಿಸಿದ್ವಿ. ಮಾತ್ರೆ ತಗೊಳ್ಳದ ನನಗೆ ಉಪವಾಸದಲ್ಲಿ ಹೀಗ್ಯಾಕೆ ಆಗಲ್ಲ?

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಬಿಡೋ ಬೀಟಾ ಕೋಶಗಳು ರಕ್ತದ ಸಕ್ಕರೆ ನೋಡ್ಕೊಂಡು ಕೆಲಸ ಮಾಡ್ತವೆ. ಅಕ್ಕಪಕ್ಕದ ಕೋಶಗಳ ಮಾತೂ ಕೇಳ್ತವೆ. ಊಟ ಆದ್ಮೇಲೆ ಆಲ್ಫಾ ಕೋಶದ ಗ್ಲುಕಗಾನ್ 'ಇನ್ನಷ್ಟು ಬಿಡು' ಅನ್ನುತ್ತೆ. ಹೌದು, ಸಕ್ಕರೆ ಏರಿಸುತ್ತೆ ಅಂತ ಓದಿದ್ವಲ್ಲ, ಅದೇ ಗ್ಲುಕಗಾನ್! ಡೆಲ್ಟಾ ಕೋಶದ ಸೊಮ್ಯಾಟೊಸ್ಟಾಟಿನ್ 'ಸಾಕು' ಅನ್ನುತ್ತೆ. ಮಜಾ ಏನಂದ್ರೆ, ಡೆಲ್ಟಾನ ಎಬ್ಬಿಸೋದು ಬೀಟಾನೇ. ಇನ್ಸುಲಿನ್ ಜೊತೆಗೇ ಯುರೊಕಾರ್ಟಿನ್-3 ಬಿಟ್ಟು ತನಗೆ ತಾನೇ ಬ್ರೇಕ್ ಹಾಕಿಸಿಕೊಳ್ಳುತ್ತೆ.

ಅಪ್ಪನ ಗ್ಲಿಮೆಪಿರೈಡ್ ಮಾತ್ರೆ ಸಕ್ಕರೆ ಕಮ್ಮಿ ಇದ್ರೂ ಬೀಟಾನ ತಳ್ತಾನೇ ಇರುತ್ತೆ. ಈಗ ಉಪವಾಸಕ್ಕೆ ಮೊದಲೇ ಡಾಕ್ಟರನ್ನ ಕೇಳ್ತೀವಿ.