ಆಗಿಬಂದ ಮಾತ್ರೆಯೂ ಆಗದ ದಿನ

ಹಲ್ಲುನೋವಿಗೆಂದು ರಾತ್ರಿ ಒಂದು ಮಾತ್ರೆ ನುಂಗಿ ಮಲಗಿದವನಿಗೆ ಗಂಟೆಯೊಳಗಾಗಿ ಅಂಗೈ ಕಡಿಯತೊಡಗಿ, ಸೊಂಟದ ಸುತ್ತ ಸೊಳ್ಳೆ ಕಚ್ಚಿದಂಥ ಗುಳ್ಳೆಗಳೆದ್ದು, ಅವು ಒಂದನ್ನೊಂದು ಕೂಡಿಕೊಂಡು, ನಡುವೆ ಬಿಳಿಚಿ ಅಂಚಿನಲ್ಲಿ ಕೆಂಪೇರಿದ ದದ್ದುಗಳಾಗಿ ಬೆನ್ನನ್ನೆಲ್ಲ ಆವರಿಸಿದರೆ, ಮನೆಯ ಹಿರಿಯರು ಅದನ್ನು ಪಿತ್ತದ ಗಂಧೆಯೆಂದು ಗುರುತಿಸಿ ರಾತ್ರಿ ಉಂಡ ಬದನೆಕಾಯಿಯ ಮೇಲೆ ತಪ್ಪು ಹೊರಿಸುವರು. ಮಾತ್ರೆಯ ಕಡೆಗೆ ಯಾರ ಸಂಶಯವೂ ಹರಿಯದು. ‘ಎಷ್ಟೋ ಸಲ ನುಂಗಿದ್ದೇನೆ, ಎಂದೂ ಏನೂ ಆಗಿಲ್ಲ’ ಎಂಬ ಸಮಾಧಾನ ಸಿದ್ಧವಾಗಿಯೇ ಇರುತ್ತದೆ. ಆದರೆ ಶರೀರಶಾಸ್ತ್ರವು ಈ ಸಾಕ್ಷ್ಯವನ್ನು ಒಪ್ಪುವುದಿಲ್ಲ.

ಚರ್ಮದ ಅಡಿಯಲ್ಲಿ, ಸೂಕ್ಷ್ಮ ರಕ್ತನಾಳಗಳ ಬದಿಯಲ್ಲಿ, ಮಾಸ್ಟ್ ಕೋಶಗಳೆಂಬವು ಹಿಸ್ಟಮಿನ್ ಎಂಬ ದ್ರವ್ಯವನ್ನು ತುಂಬಿಕೊಂಡಿರುತ್ತವೆ. ಅದು ಹೊರಚೆಲ್ಲಿದೊಡನೆ ರಕ್ತನಾಳಗಳು ಹಿಗ್ಗಿ, ಅವುಗಳ ಗೋಡೆಯಿಂದ ದ್ರವ ಜಿನುಗುತ್ತದೆ. ಜಿನುಗು ಮೇಲ್ಪದರದಲ್ಲಾದರೆ ಗಂಧೆ, ಆಳದಲ್ಲಾದರೆ ತುಟಿ, ರೆಪ್ಪೆ, ನಾಲಗೆಗಳ ಬಾವು. ಒಂದೊಂದು ಗಂಧೆಯೂ ಸಾಮಾನ್ಯವಾಗಿ 24 ಗಂಟೆಗಳೊಳಗೆ ಕಲೆಯುಳಿಸದೆ ಅಡಗಿ, ಮತ್ತೊಂದೆಡೆ ಹೊಸದು ಏಳುವುದು.

ಪೆನಿಸಿಲಿನ್ ಮತ್ತು ಅದೇ ಕುಲದ ಅಮಾಕ್ಸಿಸಿಲಿನ್ ಈ ಕೋಶಗಳನ್ನು ಕೆರಳಿಸುವ ಕ್ರಮ ವಿಚಿತ್ರವಾದುದು. ಮೊದಲ ಸಲ ಔಷಧವು ನಿರುಪದ್ರವಿಯಂತೆ ಬಂದುಹೋದರೂ, ಕೆಲವರ ದೇಹವು ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ನಿರ್ಮಿಸಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಔಷಧ ಒಳಹೊಕ್ಕಾಗ ಸಿಡಿತ. ಆದುದರಿಂದ ಹಿಂದೊಮ್ಮೆ ಆಗಿಬಂದಿತೆಂಬುದು ಔಷಧದ ನಿರಪರಾಧಕ್ಕೆ ಆಧಾರವಾಗದೆ, ಅಪರಾಧದ ಪೂರ್ವಸಿದ್ಧತೆಯೇ ಆಗಿರಬಹುದು. ಇದಕ್ಕೆ ವಿರುದ್ಧವಾದ ಪ್ರಮಾದವೂ ಉಂಟು. ವೈರಸ್ ಜ್ವರದ ಮಗುವಿಗೆ ಅಮಾಕ್ಸಿಸಿಲಿನ್ ಕೊಟ್ಟಿರುವಾಗ ಜ್ವರದಿಂದಲೇ ಎದ್ದ ದದ್ದನ್ನು ಔಷಧದ ತಲೆಗೆ ಕಟ್ಟಿ, ಪೆನಿಸಿಲಿನ್ ಆಗದೆಂದು ಜನ್ಮವಿಡೀ ನಂಬಿಕೊಂಡು ಬರುವವರು ಅನೇಕರು. ಹೀಗೆ ಹಣೆಪಟ್ಟಿ ಹೊತ್ತವರನ್ನು ತಜ್ಞರು ಪರೀಕ್ಷಿಸಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಅದು ಒಗ್ಗುವುದೆಂದೇ ಕಂಡುಬಂದಿದೆ.

ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳ ದಾರಿಯೇ ಬೇರೆ. ಇವುಗಳಿಂದ ಗಂಧೆಯೇಳುವ ಬಹುಜನರಲ್ಲಿ ಪ್ರತಿಕಾಯದ ಪಾತ್ರವಿಲ್ಲ. ನೋವನ್ನು ಶಮನಗೊಳಿಸಲು ಅವು ತಡೆಯುವ ಕಿಣ್ವವೇ ಈ ಉಪದ್ರವಕ್ಕೂ ಮೂಲ. ಕಿಣ್ವ ಒಂದೇ ಆದುದರಿಂದ, ಒಂದನ್ನು ಬಿಟ್ಟು ಇನ್ನೊಂದನ್ನು ನುಂಗಿದರೂ ಬಾವು ಮರುಕಳಿಸುವ ಸಂಭವವಿದೆ. ಪ್ಯಾರಸಿಟಮಾಲ್ ಮಾತ್ರ ಸಾಮಾನ್ಯ ಪ್ರಮಾಣದಲ್ಲಿ ಇಂಥವರಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ.

ಎಲ್ಲಕ್ಕಿಂತ ಮೋಸಗೊಳಿಸುವುದು ರಕ್ತದೊತ್ತಡಕ್ಕೆಂದು ನಿತ್ಯ ಸೇವಿಸುವ ಎನಲಾಪ್ರಿಲ್, ರಾಮಿಪ್ರಿಲ್‌ಗಳ ಬಾವು. ಬ್ರೆಜಿಲ್ ದೇಶದ ಜರರಾಕ ಎಂಬ ಹಾವಿನ ವಿಷವನ್ನು ಶೋಧಿಸುತ್ತಿದ್ದ ವಿಜ್ಞಾನಿಗಳು 1949ರಲ್ಲಿ ಬ್ರಾಡಿಕೈನಿನ್ ಎಂಬ ದ್ರವ್ಯವನ್ನು ಕಂಡರು. ಅದೇ ವಿಷದ ಅಧ್ಯಯನ ಮುಂದೆ ಈ ವರ್ಗದ ಔಷಧಗಳ ಜನನಕ್ಕೆ ದಾರಿಯಾಯಿತು. ಲಕ್ಷಾಂತರ ಹೃದಯಗಳನ್ನು ಕಾಯ್ದ ಉಪಕಾರಿ ವರ್ಗವಿದು, ಇದನ್ನು ನಾನು ದೂರುತ್ತಿಲ್ಲ. ಆದರೆ ಈ ಔಷಧಗಳಿಂದ ದೇಹದಲ್ಲಿ ಬ್ರಾಡಿಕೈನಿನ್ ಸಂಗ್ರಹವಾಗಿ, ಕೆಲವರಿಗೆ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳೇ ಕಳೆದ ಮೇಲೆ, ತುರಿಕೆಯಿಲ್ಲದೆ, ಗಂಧೆಯಿಲ್ಲದೆ, ತುಟಿಯೋ ನಾಲಗೆಯೋ ಊದಿಕೊಳ್ಳುವುದು. ಇಲ್ಲಿ ಹಿಸ್ಟಮಿನ್ನಿನ ಕೈವಾಡವಿಲ್ಲವಾಗಿ, ಗಂಧೆಗೆ ಸಲ್ಲುವ ಸೆಟ್ರಿಜಿನ್ ಇದಕ್ಕೆ ಸಲ್ಲದು.

ಯಾವ ಔಷಧದಿಂದಲೇ ಆಗಲಿ, ನಾಲಗೆ ಊದಿ, ಧ್ವನಿ ಒಡೆದು, ಉಸಿರು ಕಟ್ಟಿದರೆ, ಅಥವಾ ಗಂಧೆಯ ಜತೆಗೆ ತಲೆಸುತ್ತು, ವಾಂತಿಗಳು ತೋರಿದರೆ, ಮಜ್ಜಿಗೆ ಕುಡಿಸಿಯೋ ಪುನರ್ಪುಳಿಯ ರಸ ಹಚ್ಚಿಯೋ ಕಾಯುತ್ತ ಕೂಡದೆ ಆಸ್ಪತ್ರೆಗೆ ಧಾವಿಸತಕ್ಕದ್ದು. ತೀವ್ರ ಅಲರ್ಜಿಗೆ ಪ್ರಥಮ ಔಷಧವೆಂದರೆ ತೊಡೆಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್. ಮಿಕ್ಕವೆಲ್ಲ ಅದರ ಹಿಂದೆ.

ಗುಣವಾದ ಬಳಿಕ ವೈದ್ಯರು ಯಾವ ಮಾತ್ರೆಯೆಂದು ಕೇಳಿದರೆ ನಮ್ಮಲ್ಲಿ ಬರುವ ಉತ್ತರ ಪ್ರಾಯಶಃ ‘ಗುಲಾಬಿ ಬಣ್ಣದ್ದು’. ಇದರಲ್ಲಿ ರೋಗಿಯ ತಪ್ಪೇನೂ ಹೆಚ್ಚಿಲ್ಲ. ಅಂಗಡಿಯವನು ಪಟ್ಟಿಯಿಂದ ನಾಲ್ಕು ಮಾತ್ರೆಗಳನ್ನು ಕತ್ತರಿಸಿ ಕೊಡುವಾಗ ಹೆಸರು ಮುದ್ರಿತವಾದ ಭಾಗ ಎಷ್ಟೋ ಸಲ ಅವನ ಡಬ್ಬಿಯಲ್ಲೇ ಉಳಿಯುವುದು. ಉಳಿಯದಿದ್ದರೂ ನೆನಪಿನಲ್ಲಿ ನಿಲ್ಲುವುದು ಕಂಪೆನಿಯಿಟ್ಟ ಹೆಸರೇ ಹೊರತು ಮೂಲೌಷಧದ ಹೆಸರಲ್ಲ. ನೆಗಡಿಜ್ವರದ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಗಳು ಬೆರೆತಿರುವುದು ಸಾಮಾನ್ಯ. ಮೂಲೌಷಧದ ಹೆಸರನ್ನು ಬರೆದಿಟ್ಟುಕೊಂಡವನಿಗೆ ವೈದ್ಯರು ಬೇರೆ ವರ್ಗದ ಔಷಧವನ್ನು ತಡವಿಲ್ಲದೆ ಆರಿಸಿಕೊಡಬಲ್ಲರು. ಬರೆದಿಡದವನ ಮನೆಗೆ ಅದೇ ಔಷಧ ಮುಂದಿನ ಹಲ್ಲುನೋವಿಗೆ ಬೇರೊಂದು ಹೆಸರಿನಲ್ಲಿ, ಬೇರೊಂದು ಬಣ್ಣದಲ್ಲಿ ಬಂದೀತು.