ವಟ್ಟ: ಒಂದು ಪದ, ಒಂದು ಎಚ್ಚರ

ನಾಣ್ಯ ಬದಲಿಸುವಾಗ ಕಡಿತವಾಗುವ ಹಣಕ್ಕೆ ಕನ್ನಡದಲ್ಲಿ ‘ವಟ್ಟ’ ಎಂದೂ ಮರಾಠಿಯಲ್ಲಿ ‘ವಟಾವ’ ಎಂದೂ ಹೆಸರು. ನಿಜಾಮರ ಆಳ್ವಿಕೆಯ ಕಲಬುರಗಿಯಿಂದ ಬ್ರಿಟಿಷರ ಆಡಳಿತದ ಸೊಲ್ಲಾಪುರಕ್ಕೆ ಬಂದವರು ಹಾಲಿ ಸಿಕ್ಕಾ ರೂಪಾಯಿಯನ್ನು ಕಲದಾರ ರೂಪಾಯಿಗೆ ಬದಲಿಸಿಕೊಳ್ಳಬೇಕಿತ್ತು. ದರವು ಸುಮಾರು 7 ಹಾಲಿಗೆ 6 ಕಲದಾರ. ಈ ಅಂತರ ನಷ್ಟವಲ್ಲ. ಅದು ಎರಡು ನಾಣ್ಯಗಳ ಬೆಲೆಯ ವ್ಯತ್ಯಾಸ. ಆ 6ರಲ್ಲಿ ಸರಾಫನು ಹಿಡಿದುಕೊಂಡದ್ದೇ ವಟ್ಟ.

ಇಂದು ಸರಾಫನ ಸ್ಥಾನದಲ್ಲಿ ಬ್ಯಾಂಕು, ಕಾರ್ಡುಗಳಿವೆ. ವಿದೇಶದ ಅಂಗಡಿಯಲ್ಲಿ ಕಾರ್ಡಿನ ಯಂತ್ರವು ‘ರೂಪಾಯಿಯೋ, ಸ್ಥಳೀಯ ನಾಣ್ಯವೋ?’ ಎಂದು ಕೇಳಿದರೆ, ಸ್ಥಳೀಯ ನಾಣ್ಯವನ್ನು ಆರಿಸುವುದೇ ಸಾಮಾನ್ಯವಾಗಿ ಲಾಭಕರ. ರೂಪಾಯಿಯನ್ನು ಆರಿಸಿದರೆ ವಟ್ಟವು ದರದೊಳಗೇ ಅಡಗಿರುತ್ತದೆ. ‘ಕಮಿಷನ್ ಇಲ್ಲ’ ಎಂಬ ಫಲಕವಿದ್ದಲ್ಲಿಯೂ ಕೊಳ್ಳುವ ಮತ್ತು ಮಾರುವ ದರಗಳ ಅಂತರವನ್ನು ನೋಡಬೇಕು. ವಟ್ಟವಿರುವುದು ಅಲ್ಲಿಯೇ.